ಬಾಳೆಹಣ್ಣಿನೊಳಗಿನ ಅರ್ಧ ಮಾತ್ರೆ

೪-೭-೧೯೮೩, ಸೋಮವಾರ, ನ್ಯಾಮತಿ
ಪೂಜೆ ತಡವಾಯಿತು. ಗಂಟೆ ಹುಡುಕಿದ್ದೇ ಬಹಳ ಹೊತ್ತು. ಮೊಮ್ಮಗಳು ರುದ್ರಾಣಿ ಅದನ್ನು ಎಮ್ಮೆ ತಿನ್ನಲೆಂದು ಗೋದಲಿಗೆ ಹಾಕಿದ್ದಳು. ನಾಲ್ಕು ವರ್ಷ. ಕೂತ ಕಡೆ ಕೂರಳು. ನಿನ್ನೆ ಹೊನ್ನಾಳಿ ಬಸ್ಸಿನ ಮುಂದೆ ಓಡಿದಳು. ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಉಳಿದಳು. ಅವಳ ತಾಯಿ, ನನ್ನ ಸೊಸೆ ನಿರ್ಮಲ, ಇವತ್ತು ಬೀದಿ ಬಾಗಿಲಿನ ಚಿಲಕ ತೆಗೆದೇ ಇಲ್ಲ. ಶಿಶುವಿಹಾರದ ಟೀಚರಮ್ಮ ಮೊದಲೇ ಹೇಳಿದ್ದರು — "ಈಕೀನ ಹಿಡಿಯಾಕೇ ಒಬ್ಬ ಆಯಾ ಬೇಕ್ರೀ."

೧೧-೭
ದಾವಣಗೆರೆಯ ದೊಡ್ಡ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಅರ್ಧ. ಗಮನ ಒಂದೇ ಕಡೆ ನಿಲ್ಲುತ್ತದಂತೆ. ನಮ್ಮೂರ ಡಾಕ್ಟರು ಷಣ್ಮುಖಪ್ಪ ಚೀಟಿ ನೋಡಿ ಕನ್ನಡಕ ತೆಗೆದರು.
"ಇಷ್ಟು ಸಣ್ಣ ಕೂಸಿಗಾ? ಓಡಾಡೋದು ರೋಗ ಅಲ್ಲಮ್ಮ. ಸ್ವಲ್ಪ ಕಾಯ್ರಿ."
"ಬಸ್ಸು ಕಾಯ್ತತೇನ್ರಿ ಡಾಕ್ಟ್ರೇ?" ಅಂದಳು ನಿರ್ಮಲ.
ಇಬ್ಬರದೂ ಸರಿ ಅನ್ನಿಸಿತು. ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಬಂದೆ.

೧೩-೭
ಮಾತ್ರೆ ಉಗುಳುತ್ತಾಳೆ. ಸಕ್ಕರೆ, ಬೆಲ್ಲ, ಜೇನು... ಯಾವುದಕ್ಕೂ ಬಗ್ಗಲಿಲ್ಲ. ಇವತ್ತು ಪುಡಿ ಮಾಡಿ ಪೂಜೆಯ ಬಾಳೆಹಣ್ಣಿನಲ್ಲಿಟ್ಟೆ. "ಪ್ರಸಾದ ಬ್ಯಾಡ ಅನ್ನಬಾರ್ದು ಮಗಾ." ನುಂಗಿದಳು. ನಿರ್ಮಲ ನಕ್ಕಳು — "ಅತ್ತೆ, ನೀವು ಡಾಕ್ಟ್ರಿಗಿಂತ ಜಾಣರು ಬಿಡ್ರಿ."
ಶಿವನ ಮುಂದೆ ಇಟ್ಟ ಹಣ್ಣು... ಇರಲಿ.

೧-೮
ಜಗಳೂರಿನ ತಂಗಿ ಕಸ್ತೂರಿಗೆ ಇನ್‌ಲ್ಯಾಂಡ್ ಬರೆಯಲು ಕೂತೆ. 'ರುದ್ರಾಣಿ ಈಗ ಬಂಗಾರದಂಥ ಮಗು. ನಾನು ನಲವತ್ತಕ್ಕೆ, ಮಗನ ಪಾಟಿಯಲ್ಲಿ ಕಲಿತ ಅ ಆ ಈಕೆ ಈಗಲೇ ತಿದ್ದುತ್ತಾಳೆ. ರಸ್ತೆಗೆ ಓಡುವುದಿಲ್ಲ.' ಸುಳ್ಳಲ್ಲ. ಟೀಚರಮ್ಮನಿಗೆ ಖುಷಿ. ನಿರ್ಮಲ ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಮಗುವಿನ ಊಟ ಮಾತ್ರ ಎರಡು ತುತ್ತು. ಗಂಟೆ ಇಟ್ಟಲ್ಲೇ ಇರುತ್ತದೆ.
ಕಾಗದ ಅಲ್ಲಿಗೇ ನಿಂತಿತು.

೨೨-೮
ಷಣ್ಮುಖಪ್ಪನವರು ಸಿಕ್ಕಿದ್ದರು. "ಹೆಂಗದಾಳೆ?" "ಸುಮ್ನೆ ಅದಾಳ್ರೀ."
ಎಮ್ಮೆ ಕರು ಹಾಕಿತು. ರುದ್ರಾಣಿಯನ್ನು ಕರೆದೆ. ಬಂದಳು. ನೋಡಿದಳು. ಹೋಗಿ ಕೂತಳು. ನನಗೂ ಏನೂ ಅನ್ನಿಸಲಿಲ್ಲ. ಹಾಲು ಕರೆದೆ.

೫-೯, ಸೋಮವಾರ, ಬೆಳಿಗ್ಗೆ ಎಂಟು
ಪೂಜೆ ಮುಗಿಯುವ ಮೊದಲೇ ಅಂಗೈ ಚಾಚಿ ಕೂತಿದ್ದಳು. ಬಲಗೈ ಕೆಳಗೆ ಎಡಗೈ, ನಾನು ಕಲಿಸಿದ ಹಾಗೆ. ಹಣ್ಣು ಇಟ್ಟೆ. ತಿನ್ನಲಿಲ್ಲ. ಮುರಿದು ಒಂದು ತುಂಡು ನನ್ನ ಬಾಯಿಯ ಹತ್ತಿರ ಹಿಡಿದಳು.
"ನೀನೂ ತಗೋ ಅಜ್ಜಿ."
"ನಂಗೆ ಬ್ಯಾಡ ಮಗಾ."
"ಪ್ರಸಾದ ಬ್ಯಾಡ ಅನ್ನಬಾರ್ದು."
ಬಾಯಿ ತೆರೆದೆ. ಕಹಿ. ಹಣ್ಣಿಗೂ ಮುಚ್ಚಲಾಗದಷ್ಟು.
"ಕಹಿ ಐತಲ್ಲ?" ಅಂದಳು. "ದಿನಾ ಹಂಗೇ ಐತೆ. ಶಿವಪ್ಪಂಗೆ ಸಿಟ್ಟು ಬರ್ತತೆ ಅಂತ ನಾ ಹೇಳ್ಲಿಲ್ಲ."
ಐವತ್ತೈದು ದಿನ.
ಉಳಿದ ತುಂಡನ್ನು ಅವಳ ಕೈಯಿಂದ ಇಸಿದುಕೊಂಡು ಬಂದೆ. ಈ ಪುಸ್ತಕದ ಪಕ್ಕದಲ್ಲೇ ಇದೆ. ಒಳಗಿಂದ ನಿರ್ಮಲ ಕೂಗುತ್ತಿದ್ದಾಳೆ — "ಅತ್ತೆ, ಕೊಟ್ರಾ?" ಹೊರಗೆ ಬಸ್ಸಿನ ಹಾರನ್. ರುದ್ರಾಣಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಕೊಟ್ಟೆ ಅನ್ನಲೋ, ಇಲ್ಲ ಅನ್ನಲೋ.