ಹೊಳೆಯ ನಡುವೆ ನಿಲ್ಲುತ್ತಿದ್ದ ಎಂಜಿನ್

ಹೊಳೆದಂಡೆ, ಹಡಗಲಿ ತಾಲ್ಲೂಕು
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಸುಮಾ,

ಹೇಗಿದ್ದೀಯಾ? ಕೂಸು ಹೇಗಿದ್ದಾಳೆ? ಹಾಲು ಸಾಕಾಗುತ್ತಿದೆಯೇ, ನಿನಗೆ ಒಂದಿಷ್ಟು ನಿದ್ದೆಗೊಡುತ್ತಾಳೋ ಇಲ್ಲವೋ? ಬಾಣಂತಿ ಮೊಬೈಲ್ ನೋಡಿದರೆ ಕಣ್ಣು ಕೆಡುತ್ತದೆ ಎಂದು ನಿಮ್ಮವ್ವ ನಿನ್ನ ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಕಾಗದ ಓದುವುದೂ ಅದೇ ಕಣ್ಣಿನಿಂದಲೇ ಎಂದು ಅವರಿಗೆ ಹೊಳೆಯುವ ಮೊದಲು ಓದಿ ಮುಗಿಸು. ಅವರ ಫೋನಿಗೆ ಮಾಡಿದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ; ಊಟ ಆಯಿತಾ ಎಂದು ನಾನು ಕೇಳಿದರೆ ನಿಮ್ಮ ಓಣಿಯೆಲ್ಲ ಆಯಿತು ಎನ್ನುತ್ತದೆ. ಈಗ ಹೇಳುವ ಮಾತು ನಿನ್ನೊಬ್ಬಳಿಗೆ. ಅಂಟಿನುಂಡೆ ತಿಂದು ತಿಂದು ಬೇಸರವಾಗಿದ್ದರೆ ತೆಗೆದಿಡು, ಬಂದಾಗ ನನ್ನ ಪಾಲಿಗಾಗುತ್ತದೆ.

ಮೊದಲು ಸುದ್ದಿ: ದೋಣಿಯ ಎಂಜಿನ್ ಸರಿಯಾಯಿತು. ನಗಬೇಡ, ಈ ಸಲ ನಿಜವಾಗಿಯೂ ಸರಿಯಾಗಿದೆ. ಇವತ್ತು ಬೆಳಿಗ್ಗೆ ನಿಮ್ಮೂರ ದಂಡೆಯವರೆಗೆ ಹೋಗಿ, ನಿಲ್ಲದೆ ತಿರುಗಿ ಬಂದೆ. ನಿಮ್ಮಪ್ಪ ಎಮ್ಮೆ ತೊಳೆಯುತ್ತ ನಿಂತಿದ್ದರು. ಹುಟ್ಟು ಹಾಕಿಕೊಂಡು ಬರುವ ಅಳಿಯನನ್ನೇ ನೋಡಿ ರೂಢಿಯಾಗಿ ಅವರಿಗೆ ನನ್ನ ಗುರುತೇ ಸಿಗಲಿಲ್ಲವೋ ಏನೋ, ಕೈ ಕೂಡ ಎತ್ತಲಿಲ್ಲ.

ಆ ಕಾಲ್ಗುಣದ ಮಾತು ನಿನ್ನ ಕಿವಿಗೆ ಬಿದ್ದಿದೆ ಎಂದು ನನಗೆ ಗೊತ್ತು. ಅದನ್ನು ಕೇಳಿದ ದಿನ ನೀನು ಊಟ ಬಿಟ್ಟಿದ್ದೆ ಎಂದು ನಿಮ್ಮಪ್ಪನೇ ಹೇಳಿದರು. ಕೂಸು ಹುಟ್ಟಿದ ಮರುದಿನದಿಂದಲೇ ಎಂಜಿನ್ ಕೈಕೊಟ್ಟಿದ್ದು ನಿಜ. ದಂಡೆಯಲ್ಲಿ ಹಗ್ಗ ಎಳೆದರೆ ಒಂದೇ ಏಟಿಗೆ ಶುರುವಾಗುವುದು, ಹೊಳೆಯ ನಡುವೆ ಹೋದಾಗ ಕೆಮ್ಮಿ ಕೆಮ್ಮಿ ನಿಂತುಬಿಡುವುದು. ದಾಟಿಸಲು ಕೂರಿಸಿಕೊಂಡ ಜನ ನನ್ನ ಮುಖವನ್ನೂ ನೀರನ್ನೂ ನೋಡುತ್ತ ಕೂತಿರುತ್ತಿದ್ದರು. ಅದನ್ನು ನೋಡಿ ನಮ್ಮವ್ವ ದಂಡೆಯಲ್ಲಿ ನಾಲ್ಕು ಜನರ ಎದುರು ಅಂದೇಬಿಟ್ಟಳು: "ಕೂಸಿನ ಕಾಲ್ಗುಣ ನೋಡ್ರಿ, ಹುಟ್ಟಿದ್ದಾ ಹುಟ್ಟಿದ್ದು, ಎಂಜಿನ್ನು ಕೆಟ್ಟು ನಿಂತೈತಿ." ನಾನು ಆವತ್ತೇ ಜಗಳ ತೆಗೆದೆ. ಅವಳು ಸಿಟ್ಟಿಗೆದ್ದು, ತೊಟ್ಟಿಲಿಗೆ ನಾನು ಬರುವುದಿಲ್ಲ ಎಂದು ಕೂತಳು. ನನಗೆ ಎಂಜಿನ್ನಿನ ಚಿಂತೆ ಅಷ್ಟಿರಲಿಲ್ಲ ಸುಮಾ. ಈ ಮಾತು ನನ್ನ ಮಗಳ ಹೆಸರಿಗೆ ಅಂಟಿಕೊಂಡು ಅವಳ ಜೊತೆಗೇ ಬೆಳೆದೀತು ಎಂಬುದೇ ಚಿಂತೆ.

ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದರು, ಎಲ್ಲ ಸುರುವಿ ಹೊಸದು ತುಂಬಿಸಿದೆ. ಪ್ಲಗ್ ಹೋಗಿದೆ ಅಂದರು, ಬದಲಿಸಿದೆ. ಕೊನೆಗೆ ಎಂಜಿನ್ ಬಿಚ್ಚಿ ಬೈಕಿನ ಹಿಂದೆ ಕಟ್ಟಿಕೊಂಡು ಹಡಗಲಿಗೆ ರಫೀಕನ ಗ್ಯಾರೇಜಿಗೆ ಹೋದೆ. ಅವನು ಬೈಕು ರಿಪೇರಿಯವನು. ದೋಣಿಯ ಎಂಜಿನ್ ನೋಡಿದ್ದೇ ಮೊದಲು, ಹೊಸ ಅಳಿಯನನ್ನು ಕಂಡಂತೆ ಖುಷಿಪಟ್ಟ. ಕಾರ್ಬೊರೇಟರ್ ಬಿಚ್ಚಿ ತೊಳೆದ, ಫಿಲ್ಟರ್ ಊದಿ ನೋಡಿದ. ನೀರಿನ ಡ್ರಮ್ಮಿಗೆ ಎಂಜಿನ್ ಇಳಿಸಿ, ಟ್ಯಾಂಕಿನ ಬದಲು ಮೇಲೆ ಪೆಟ್ರೋಲಿನ ಬಾಟಲಿ ತೂಗುಹಾಕಿ ಶುರು ಮಾಡಿದರೆ ನಾವು ಎರಡು ಸಲ ಚಹಾ ಕುಡಿದರೂ ನಿಲ್ಲಲೊಲ್ಲದು. ಮನೆಗೆ ತಂದು ದೋಣಿಗೆ ಕಟ್ಟಿದರೆ ಮತ್ತೆ ಹೊಳೆಯ ನಡುವೆ ಅದೇ ಗೋಳು.

ನಿನ್ನೆ ಭಾನುವಾರ, ಗ್ಯಾರೇಜಿಗೆ ರಜೆ ಎಂದು ರಫೀಕ್ ತಾನೇ ಬಂದ. ಈಜು ಬಾರದ ಮನುಷ್ಯ, ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತ. ನಡುವೆ ಹೋದಾಗ ಎಂಜಿನ್ ನಿಂತಿತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಹಿಸುಕುವ ರಬ್ಬರ್ ಉಂಡೆ ಇದೆಯಲ್ಲ, ಪೆಟ್ರೋಲ್ ಏರಿಸಲು, ಅದನ್ನು ಮುಟ್ಟಿ ನೋಡಿದ. ಒಣಗಿದ ಅಂಜೂರದಂತೆ ಚಪ್ಪಟೆಯಾಗಿತ್ತು. "ಎಂಜಿನ್ನು ಎಳಿಯಾಕತ್ತೈತಿ, ಟ್ಯಾಂಕು ಬಿಡವಲ್ದು," ಅಂದವನೇ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಸ್ ಎಂದು ಗಾಳಿ ಒಳಗೆ ಹೋಯಿತು, ಉಂಡೆ ತಾನೇ ಉಬ್ಬಿತು. ಹಗ್ಗ ಎಳೆದೆ, ಎಂಜಿನ್ ಶುರು.

ಮುಚ್ಚಳದ ತುದಿಯಲ್ಲಿ ಗಾಳಿ ಆಡಲು ಒಂದು ಸಣ್ಣ ತೂತಿದೆ. ಅದು ಮುಚ್ಚಿದರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಟ್ಯಾಂಕು ಬಿಗಿಹಿಡಿದುಬಿಡುತ್ತದೆ. ಆ ತೂತಿನ ತುಂಬ ವಿಭೂತಿ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಗಟ್ಟಿಯಾಗಿ ಗಾರೆಯಂತೆ ಕೂತಿತ್ತು! ಕೂಸು ಹುಟ್ಟಿದ ಸುದ್ದಿ ಬಂದ ದಿನ ನಮ್ಮವ್ವ ಖುಷಿ ತಡೆಯಲಾರದೆ ಎಂಜಿನ್ನಿಗೆ, ಟ್ಯಾಂಕಿಗೆ, ಹುಟ್ಟಿಗೆ ಎಲ್ಲಕ್ಕೂ ಪೂಜೆ ಮಾಡಿದ್ದಳು. ಟ್ಯಾಂಕಿಗೆ ಹಣೆ ಯಾವುದು? ಮುಚ್ಚಳವೇ ಹಣೆ. ಎಂಜಿನ್ ನಿಂತಾಗಲೆಲ್ಲ ದೃಷ್ಟಿಯಾಗಿದೆ ಎಂದು ಮತ್ತೆ ಹಚ್ಚಿದಳು. ಹಚ್ಚಿದಷ್ಟೂ ನಿಂತಿತು, ನಿಂತಷ್ಟೂ ಹಚ್ಚಿದಳು. ರಫೀಕ್ ಪಿನ್ನಿನಿಂದ ತೂತು ಬಿಡಿಸಿ, ಪಿನ್ನನ್ನು ನನ್ನ ಕೈಗೆ ಕೊಟ್ಟು, "ಅವ್ವಗ ನೀನಾ ಹೇಳಪ್ಪ, ಪೂಜಿ ವಿಷ್ಯದಾಗ ನಾ ಬಾಯಿ ಹಾಕಂಗಿಲ್ಲ," ಅಂದ.

ಮನೆಗೆ ಬಂದು ಮುಚ್ಚಳ ತೋರಿಸಿ ಹೇಳಿದೆ. ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮುಚ್ಚಳವನ್ನು ಸೆರಗಿನಿಂದ ಒರೆಸುತ್ತ ಕೂತಳು. ಆಮೇಲೆ, "ಹಂಗಾರ ಕೂಸಿಂದು ಏನೂ ಇಲ್ಲಲ್ಲೋ ಮೈಲಾ?" ಅಂದಳು. "ಏನೂ ಇಲ್ಲಬೇ," ಅಂದೆ. ಅವಳು ಅತ್ತಳು, ನನಗೂ ತಡೆಯಲಾಗಲಿಲ್ಲ. ರಫೀಕನೊಬ್ಬ ತಲೆ ತಗ್ಗಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ. ನಮ್ಮವ್ವ ಅವನಿಗೆ ಮತ್ತೊಂದು ರೊಟ್ಟಿ ಬಡಿಸಿದಳು.

ಈಗ ಹೊಟ್ಟೆ ತುಂಬ ಉಣ್ಣು, ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೋ. ಅತ್ತೆ ಮಾವನಿಗೆ ನನ್ನ ನಮಸ್ಕಾರ. ಮಗಳಿಗೆ ಒಂದು ಮುತ್ತು; ಅವಳು ನನ್ನಂತಿದ್ದಾಳೆ ಎಂದು ಹೇಳಿದವರಿಗೆ ಚಹಾ ಕುಡಿಸು.

ಇಂತಿ ನಿನ್ನವನೇ ಆದ
ಮೈಲಪ್ಪ

ಮರೆತಿದ್ದು: ಕಾಗದ ಒಯ್ಯುವ ಪಾಲಣ್ಣ ಆಚೆ ದಂಡೆಯ ಬಸ್ಸು ತಪ್ಪುತ್ತದೆ ಎಂದು ಬಾಗಿಲಲ್ಲಿ ನಿಂತಿದ್ದಾನೆ. ಬರುವ ಭಾನುವಾರ ತೊಟ್ಟಿಲಿಗೆ ನಮ್ಮವ್ವನೂ ದೋಣಿಯಲ್ಲೇ ಬರುತ್ತಾಳೆ. ಕೂಸಿನ ಹೆಸರು ಕರೆಯುವ ಮೊದಲು, ಕೂಡಿದ ಜನರೆದುರು, ಆ ಮಾತು ಆಡಿದವಳು ತಾನೇ, ಅದು ಸುಳ್ಳು ಎಂದು ಹೇಳುತ್ತಾಳಂತೆ. ನಾಲ್ಕು ಜನರ ಎದುರು ಆಡಿದ್ದನ್ನು ನಾಲ್ಕು ಜನರ ಎದುರೇ ತೆಗೆಯಬೇಕಂತೆ. ನೀನು ಮೆತ್ತನೆಯವಳು, ಇರಲಿ ಬಿಡು ಅತ್ತಿ ಎಂದು ನಡುವೆ ತಡೆಯುತ್ತೀಯೆ. ತಡೆಯಬೇಡ ಸುಮಾ. ಪೂರ್ತಿ ಹೇಳಿ ಮುಗಿಸಲಿ. ಆಮೇಲೆ ಕೂಸನ್ನು ಮೊದಲು ಅವಳ ಮಡಿಲಿಗೇ ಹಾಕು.