ಬ್ರಿಡಿ ಚಿಗವ್ವನ ಧಾಟಿ

ಹಿಲ್ಸ್‌ಬರೋ, ಆಕ್ಲೆಂಡ್
೨೬ ನವೆಂಬರ್ ೨೦೦೬

ಪ್ರೀತಿಯ ಅಕ್ಕಾ,

ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಕೊಂಡು ಬಿಸಿಲಿಗೆ ಕೂಡುತ್ತೀಯೋ, ಇಲ್ಲ ಹಾಡು ಕಲಿಯಲು ಬರುವ ಹುಡುಗಿಯರ ಮುಂದೆ ತಾಸುಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತು ಆಮೇಲೆ ನರಳುತ್ತೀಯೋ? ಎರಡನೆಯದೇ ಎಂದು ನನಗೆ ಗೊತ್ತು. ನಾವು ಆರಾಮ. ಇವರಿಗೆ ಈಸ್ಟ್ ತಮಾಕಿಯ ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿ. ನಾನು ಕನ್ನಡದಲ್ಲಿ ಬೈದರೆ ನಮ್ಮ ಹುಡುಗಿ ವಚನಾ ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಾಳೆ. ಬೈಗುಳವಾದರೂ ಅರ್ಥವಾಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಇವತ್ತು ನಿನಗೆ ಹೇಳಬೇಕಾದದ್ದು ಡೆಸ್ಮಂಡ್ ಕಿಲ್‌ಬ್ರೈಡ್ ಎಂಬ ಹಿರಿಯರ ವಿಷಯ. ಐರ್ಲೆಂಡಿನವರು, ಎಪ್ಪತ್ತೊಂದು ವರ್ಷ. ಇಪ್ಪತ್ತರ ವಯಸ್ಸಿಗೆ ಹಡಗು ಹತ್ತಿ ಇಲ್ಲಿಗೆ ಬಂದು, ಅಣೆಕಟ್ಟಿನ ಕೆಲಸ ಮಾಡಿ, ಕಡೆಗೆ ಇವರ ಫ್ಯಾಕ್ಟರಿಯಲ್ಲೇ ಫಿಟರ್ ಆಗಿ ನಿವೃತ್ತರಾದವರು. ಪಿಟೀಲು ನುಡಿಸುತ್ತಾರೆ. ಊರಿನಲ್ಲಿ ಅವರ ಬ್ರಿಡಿ ಚಿಗವ್ವ ಹಾಲು ಕರೆಯುತ್ತಾ ಬಾಯಲ್ಲೇ ಧಾಟಿ ಹೇಳಿಕೊಡುತ್ತಿದ್ದಳಂತೆ, ದಿನಕ್ಕೆ ಒಂದೇ ಸಾಲು. ಬಾಯಿಗೆ ಪೂರ್ತಿ ಬರುವ ತನಕ ಪಿಟೀಲು ಮುಟ್ಟುವಂತಿರಲಿಲ್ಲ. ಹಾಗೆ ಕಲಿತ ಮುನ್ನೂರು ಧಾಟಿಗಳು ತಲೆಯಲ್ಲಿವೆ, ಕಾಗದದಲ್ಲಿ ಒಂದೂ ಇಲ್ಲ. ಹೆಂಡರ್ಸನ್‌ನ ಒಂದು ಪಬ್ಬಿನ ಮೂಲೆಯಲ್ಲಿ ಶುಕ್ರವಾರ ನುಡಿಸುತ್ತಿದ್ದರು. ಒಮ್ಮೆ ರೇಡಿಯೋದವರು ಧ್ವನಿಮುದ್ರಣಕ್ಕೆ ಬಂದರೆ, ನನಗಿಂತ ಚೆನ್ನಾಗಿ ನುಡಿಸುವವನು ಇದ್ದಾನೆ ಎಂದು ಇನ್ನೊಬ್ಬರ ವಿಳಾಸ ಕೊಟ್ಟು ಕಳಿಸಿದರಂತೆ. ಇಂಥ ಮನುಷ್ಯನನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ, ಅಕ್ಕಾ. ಒಮ್ಮೆ ನಮ್ಮ ಮನೆಯವರ ಜೊತೆ ಆ ಪಬ್ಬಿಗೆ ಹೋದಾಗ ನಾನು ಸ್ವರ ಬರೆದುಕೊಳ್ಳುವುದನ್ನು ಕಂಡು, ಬರೆದರೆ ಕಿವಿ ಸೋಮಾರಿಯಾಗುತ್ತದೆ ಎಂದು ಗದರಿದರು. ನಿನ್ನ “ಬರಕೊಂಡ್ರ ಕಿವಿ ಮೈಗಳ್ಳ ಆಗ್ತಾವು, ಪುಸ್ತಕ ಮುಚ್ಚು” ನೆನಪಾಗಿ ಅಲ್ಲೇ ನಕ್ಕುಬಿಟ್ಟೆ.

ಚಿಗವ್ವನ ಧಾಟಿಗಳಲ್ಲಿ ಒಂದು ನಿಧಾನದ್ದು. ಅದು ಅವಳೊಬ್ಬಳದ್ದೇ, ಈಗ ಡೆಸ್ಮಂಡ್ ಅವರೊಬ್ಬರಿಗೇ ಬರುತ್ತದೆ. ಗದ್ದಲದ ಪಬ್ಬಿನಲ್ಲಿ ಅದನ್ನು ಎಂದೂ ತೆಗೆದವರಲ್ಲ. ನಮ್ಮ ಕನ್ನಡ ಸಂಘದವರು ಸುಮ್ಮನೆ ಕೂತು ಕೇಳುತ್ತಾರೆ ಎಂದು ಮಾತು ಕೊಟ್ಟು, ಸಂಘದ ರಾಜ್ಯೋತ್ಸವಕ್ಕೆ ನಾನೇ ಒಪ್ಪಿಸಿದೆ. ಆಮೇಲೆ ನಡೆದದ್ದು ಕೇಳು. ಹಿರಿಯರನ್ನು ಹಾಗೇ ನುಡಿಸಲು ಕೂರಿಸುವುದು ಸರಿಯಲ್ಲ, ಮೊದಲು ಸನ್ಮಾನ ಆಗಲಿ ಎಂದರು ಅಧ್ಯಕ್ಷ ವಾಸುದೇವ್. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಒಂದೊಂದನ್ನು ಕೊಟ್ಟವರೂ ಎರಡು ಮಾತು ಎಂದು ಹೇಳಿ ಇಪ್ಪತ್ತು ಮಾತಾಡಿದರು. ಕೊನೆಗೆ ಸನ್ಮಾನ ಪತ್ರ, ಎರಡು ಪುಟ, ಅಚ್ಚ ಕನ್ನಡದಲ್ಲಿ. ಅವರು ಪಿಟೀಲಿನ ಪೆಟ್ಟಿಗೆಯನ್ನು ಮೊಣಕಾಲ ನಡುವೆ ಹಿಡಿದುಕೊಂಡು, ಒಂದು ಅಕ್ಷರ ತಿಳಿಯದಿದ್ದರೂ ತಲೆದೂಗುತ್ತಿದ್ದರು. ಓದು ಮುಗಿಯುವಷ್ಟರಲ್ಲಿ ಐದು ಗಂಟೆ ಹೊಡೆದು, ಸಭಾಂಗಣದ ಕಾವಲುಗಾರ ಬೀಗ ಹಿಡಿದು ಬಾಗಿಲಿಗೆ ಬಂದ. ಆ ಎರಡು ಪುಟ ಬರೆದವಳೂ ನಾನೇ, ಓದಿದವಳೂ ನಾನೇ. ಹೊಗಳಿ ಹೊಗಳಿ ಅವರ ಪಿಟೀಲಿನ ಬಾಯಿ ಕಟ್ಟಿಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಯಾರದೋ ಯೂಟ್ ಎನ್ನುವ ಸಣ್ಣ ಸರಕು ಗಾಡಿಯ ಹಿಂಬದಿಗೆ ಒರಗಿ, ಪೇಟ ತೆಗೆಯದೆ, ಆ ಧಾಟಿಯನ್ನು ನನಗೊಬ್ಬಳಿಗೇ ಮೂರು ಸಲ ನುಡಿಸಿದರು. ನಾನು ಆಮಂತ್ರಣ ಪತ್ರಿಕೆಯ ಬೆನ್ನಿಗೆ ಸ್ವರ ಗೀಚಿಕೊಂಡೆ. ಗದರಲಿಲ್ಲ. ಅದಾಗಿ ಒಂಬತ್ತು ದಿನಕ್ಕೆ ಅವರಿಗೆ ಲಕ್ವ ಹೊಡೆಯಿತು. ಎಡಗೈ ಬೆರಳುಗಳು ಏಳುವುದಿಲ್ಲ, ಮಾತು ತೊದಲುತ್ತದೆ. ಅವರ ಮಗಳಿಗೆ ಪಿಟೀಲು ಬಾರದು. ನಿನ್ನೆ ಆಸ್ಪತ್ರೆಯಲ್ಲಿ ಕೂತು ಬರೆದುಕೊಂಡದ್ದನ್ನು ಹಾಡಿದೆ. ಒಂದು ಕಡೆ ಗಾಂಧಾರ ಶುದ್ಧವೂ ಅಲ್ಲ, ಕೋಮಲವೂ ಅಲ್ಲ, ನಡುವೆ ನಿಲ್ಲಬೇಕು. ನನ್ನ ಗಂಟಲು ಅಲ್ಲಿ ನಿಲ್ಲುವುದಿಲ್ಲ. ಪ್ರತಿ ಸಲವೂ ತಲೆ ಅಲ್ಲಾಡಿಸಿದರು. ಮನೆಗೆ ಬಂದು ತುಂಬಾ ಅತ್ತೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲೂ ಇರಲಿ, ಅವರ ಮೇಲೂ ಇರಲಿ.

ನಿನ್ನ ತಂಗಿ,
ಇಂದಿರಾ

ತಾ.ಕ.: ಅಂಚೆಗೆ ಹಾಕಲು ಇವರು ಬಾಗಿಲಲ್ಲೇ ನಿಂತಿದ್ದಾರೆ. ಸ್ವರದ ಹಾಳೆ ಒಳಗಿದೆ. ಡಿಸೆಂಬರ್ ಹತ್ತು, ಭಾನುವಾರ, ನಿಮ್ಮ ಬೆಳಿಗ್ಗೆ ಎಂಟಕ್ಕೆ ಅವರ ಹಾಸಿಗೆಯ ಪಕ್ಕದಿಂದ ಫೋನ್ ಮಾಡುತ್ತೇನೆ, ನೀನು ಈ ಧಾಟಿ ಹಾಡಬೇಕು. ಪಕ್ಕಾ ಆಗಲಿ ಎಂದು ಕಾಯಬೇಡ. ತಪ್ಪಾದರೂ ಹಾಡು ಅಕ್ಕಾ, ತಿದ್ದುವುದಕ್ಕೆ ಅವರು ಇನ್ನೂ ಇದ್ದಾರೆ.