ಗ್ಯಾಲರಿಯಲ್ಲಿ ಇಬ್ಬರು

ಮೇಸಾ, ಅರಿಜೋನಾ
ಮಾರ್ಚ್ ೨೪, ೧೯೮೮

ಪ್ರೀತಿಯ ಡೋರೀನ್,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ನಮ್ಮ ಮಗ ವೆಂಡೆಲ್‌ನನ್ನು ಬೇಸ್‌ಬಾಲ್ ತಂಡದಿಂದ ಕೈಬಿಟ್ಟರು. ಎಂಟು ವರ್ಷ ಅವರ ಕೆಳಹಂತದ ತಂಡಗಳಲ್ಲಿ ಕ್ಯಾಚರ್ ಆಗಿ, ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿದು ಮಂಡಿ ಸವೆಸಿದವನನ್ನು ಐದೇ ನಿಮಿಷದಲ್ಲಿ ಕೈಕುಲುಕಿ ಕಳಿಸಿದರಂತೆ.

ಅವನು ಚೀಲ ಹೊತ್ತು, ನಾನಿಲ್ಲಿ ತಂಗಿರುವ ಮನೆಗಾಡಿಗೆ ಬಂದಾಗ ನಾನು ಮೊಟ್ಟೆ ಹುರಿಯುತ್ತಿದ್ದೆ. ನನಗೂ ಸಾಕಾಗಿದೆ, ಡೋರೀನ್. ಪ್ರತಿ ವಸಂತದ ತಾಲೀಮಿಗೂ ಅಯೋವಾದಿಂದ ಇಲ್ಲಿಯವರೆಗೆ ಗಾಡಿ ಓಡಿಸಿ ಸೊಂಟ ಬಿದ್ದುಹೋಗಿದೆ. ಚಿಕ್ಕಂದಿನಿಂದ ನನ್ನದೆಂದುಕೊಂಡಿದ್ದ ತಂಡ ಅದು. ಅವರ ಟೋಪಿ ತೆಗೆದು ಕಸದ ಬುಟ್ಟಿಗೆ ಹಾಕಿದೆ.

ಅವನು ಅದನ್ನೆತ್ತಿ ನನ್ನ ತಲೆಗೇ ಇಟ್ಟ. "ಒಂದು ಗಂಟೆಗೆ ಮ್ಯಾಚಿದೆ ಅಪ್ಪಾ. ನಡಿ, ಹೋಗೋಣ."

"ನಿನ್ನನ್ನ ಓಡಿಸಿದವರ ಆಟಾನಾ?"

"ನಾನು ಆಡೋಕೆ ಶುರು ಮಾಡಿದ ಮೇಲೆ ನಿನ್ನ ಪಕ್ಕ ಕೂತು ಒಂದು ಮ್ಯಾಚೂ ನೋಡಿಲ್ಲ ನಾನು."

ಹೋದೆವು. ಅವನ ಜಾಗದಲ್ಲಿ ಹೊಸಬನೊಬ್ಬ ಆಡುತ್ತಿದ್ದ. ಆ ಹುಡುಗ ಚೆಂಡು ಹಿಡಿಯದೆ ಬಿಟ್ಟಾಗ, ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ವೆಂಡೆಲ್ ಮಾತ್ರ ಎದ್ದು ನಿಂತು, "ಪರವಾಗಿಲ್ಲ ಕಣೋ, ಮುಂದಿನದು ಹಿಡಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಆಮೇಲೆ ಕೂತ. ಅವನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಉಳಿದ ಆಟ ನೋಡಿದೆ.

ಮುಂದಿನ ವಾರ ಮನೆ ಸೇರುತ್ತೇವೆ. ಗಾಡಿ ಅವನೇ ಓಡಿಸುತ್ತಾನಂತೆ. ಬಂದ ಕೂಡಲೇ ಮುಂದೇನು ಎಂದು ಅವನನ್ನು ಕೇಳಬೇಡ. ಇನ್ನು ಯಾರ ಆಟ ನೋಡುತ್ತೀ ಎಂದು ನನ್ನನ್ನೂ ಕೇಳಬೇಡ. ಹಾಸಿಗೆ ಹಾಸಿಡು, ಸಾಕು.

ನಿನ್ನ
ಎಲ್ಡನ್